ನೂಲಿನ ಎಳೆ ಎಣಿಸಿ ನೀರುಣಿಸುವ ಬಾಷಾಬಿ

ಮೂಡಲಿಗೆ ಇನ್ನೂ ಕೆಂಪು ಹತ್ತಿಲ್ಲ. ನವಲಗುಂದದ ಪಾಂಡುರಂಗ ಮಾಸ್ತರರ ಹಿತ್ತಲಲ್ಲಿ ಬಾಷಾಬಿ ಒಂದು ಗಡಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ತೋರುಬೆರಳನ್ನು ಗರಸುಕಲ್ಲಿನೊಳಗೆ ಎರಡು ಗೆಣ್ಣು ಇಳಿಸಿದ್ದಾರೆ. ಬೆರಳು ತೆಗೆದು ಮೂಸುತ್ತಾರೆ. ಮುಂದಿನ ಗಡಿಗೆಗೆ ಸರಿಯುತ್ತಾರೆ. ಹೀಗೆ ನಲವತ್ತೆಂಟು ಗಡಿಗೆ. ಒಂದರಲ್ಲೂ ಹಿಡಿ ಮಣ್ಣಿಲ್ಲ. ಹಳ್ಳದ ಗರಸು, ಒಡೆದ ಇಟ್ಟಿಗೆಯ ಚೂರು, ಅದರಲ್ಲೇ ಟೊಮೆಟೊ, ಬದನೆ, ಮೆಣಸಿನ ಗಿಡ. ಐದರಲ್ಲಿ ಮಾತ್ರ ಗಿಡ ಹೋಗಿದೆ.

ಪ್ರತಿ ಗಡಿಗೆಯ ತಳಕ್ಕೆ ಒಂದು ತೂತು. ತೂತಿನಿಂದ ನೂಲಿನ ಬತ್ತಿಯೊಂದು ಇಳಿದು ಕೆಳಗಿನ ಅಗಲ ಬಾಯಿಯ ಪಾತ್ರೆಯ ನೀರಿನಲ್ಲಿ ನೆನೆದಿರುತ್ತದೆ. ಆ ನೀರಿಗೆ ಚಿಟಿಕೆ ಸರಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಕರಗಿಸಿರುತ್ತಾರೆ. ಬತ್ತಿ ನೀರನ್ನು ಮೇಲೆಳೆದು ಬೇರಿಗೆ ಮುಟ್ಟಿಸುತ್ತದೆ. ಇಲ್ಲಿಯ ಬಾವಿ ನೀರು ಸವಳು, ಕೆರೆ ದೂರ. ಕಡಿಮೆ ನೀರಿನಲ್ಲಿ ಕಾಯಿಪಲ್ಲೆ ಆದೀತೇ ಎಂದು ನೋಡಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರು ಪುಸ್ತಕ ಓದಿ ಹೂಡಿದ್ದಿದು. ಬೇಸಿಗೆಯ ಸೂಟಿಗೆ ಬೆಳಗಾವಿಯ ತಂಗಿಯ ಮನೆಗೆ ಹೊರಟಾಗ ಅವರು ಒಂದು ಮಾತು ಹೇಳಿದ್ದರು: ತಿರುಗಿ ಬಂದಾಗ ಅರ್ಧಕ್ಕರ್ಧ ಗಿಡ ಉಳಿದಿರದಿದ್ದರೆ ಎಲ್ಲ ಕಿತ್ತು ಹಾಕುವುದು. ಕಿತ್ತರೆ ಬಾಷಾಬಿಯ ಕೆಲಸವೂ ಹೋಯಿತು. ಇಂದು ಹನ್ನೊಂದರ ಬಸ್ಸಿಗೆ ಮಾಸ್ತರರು ಬರುತ್ತಾರೆ.

ಬಾಷಾಬಿಯದು ಜಮಖಾನೆ ನೇಯ್ದ ಕೈ. ಹತ್ತರ ವಯಸ್ಸಿಗೆ ಮಗ್ಗದ ಮುಂದೆ ಕುಳಿತವರು ಎಪ್ಪತ್ತೆರಡನೆಯ ಇಸವಿಯಲ್ಲಿ ಎದ್ದರು. ಬಲಭುಜ ಹಿಡಿದುಕೊಂಡು, ನೂಲು ಬಡಿಯುವ ಪಂಜಾ ಎತ್ತಲಾಗಲಿಲ್ಲ. ಆಮೇಲೆ ಮಾಸ್ತರರ ಮನೆಗೆ ಕಸ, ನೀರಿನ ಕೆಲಸಕ್ಕೆ ಬಂದರು. ಬೇಲಿಯಾಚೆಯ ರೇಣುಕವ್ವ ಇಂದಿಗೂ ಚಾಷ್ಟಿ, ಗೇಲಿ ಬಿಟ್ಟಿಲ್ಲ. "ಊರ ತುಂಬ ಎರಿ ಮಣ್ಣ ಇರಲಿಕ್ಕೆ ಕಲ್ಲಿಗೆ ನೀರ ಕುಡಸ್ತಿ. ಯಾವಾಗ ಮರಿ ಹಾಕ್ತಾವ ಬೇ?"

ಬಾಷಾಬಿ ನಕ್ಕು ಮುಂದಿನ ಗಡಿಗೆಗೆ ಬೆರಳಿಡುತ್ತಾರೆ.

ಮೊದಲ ಸಲ ಮಾಸ್ತರರು ಪೇಟೆಯಿಂದ ಹೊಸ ಬಿಳಿ ನೂಲು ತಂದು ಬತ್ತಿ ಮಾಡಿದರು. ಕೆಳಗೆ ನೀರು ತುಂಬಿದೆ, ಮೇಲೆ ಗಿಡ ಒಣಗುತ್ತಿದೆ. ಬತ್ತಿ ದಪ್ಪ ಮಾಡಿದರೂ ಅದೇ ಗತಿ. ಮೂರು ದಿನ ನೋಡಿದ ಬಾಷಾಬಿ ನಾಲ್ಕನೆಯ ದಿನ ಯಾರನ್ನೂ ಕೇಳದೆ ಬತ್ತಿಗಳನ್ನು ಮನೆಗೆ ಒಯ್ದು, ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿ ತಂದರು.

"ಹಸೀ ನೂಲು ನೀರ ಕುಡ್ಯಂಗಿಲ್ರಿ, ಅದರ ಮೈಗೆ ಜಿಡ್ಡ ಇರತೈತಿ. ನೂಲಿಗೆ ಬಣ್ಣಾ ಹಾಕೂ ಮನ್ಯಾಗ ಹುಟ್ಟಿದಾಕಿಗೆ ಇದೇನ ಹೊಸಾದ್ರಿ? ಮಾಸ್ತರ್ರು ಕೇಳಲಿಲ್ಲ, ನಾ ಹೇಳಲಿಲ್ಲ."

ಮುಂದಿನ ತಪ್ಪು ತಮ್ಮದೇ ಎಂದು ನನಗೆ ಹೇಳುತ್ತಾರೆ. ಹುರುಪಿಗೆ ಬಿದ್ದು ಹನ್ನೆರಡು ಎಳೆಯ ಬತ್ತಿ ಹೊಸೆದರು. ಎಂಟು ದಿನಕ್ಕೆ ಎಲೆ ಹಳದಿಯಾಗಿ ಜೋತವು. ನೀರಡಿಸಿರಬೇಕೆಂದು ಮೇಲಿನಿಂದಲೂ ಸುರಿದರು. ಕೊನೆಗೆ ಒಂದನ್ನು ಕಿತ್ತು ನೋಡಿದರೆ ಬೇರು ಕಂದಾಗಿ ನಾರುತ್ತಿತ್ತು. ಅಂದಿನಿಂದ ಒಂದೊಂದೇ ಎಳೆ ಬಿಚ್ಚುತ್ತ, ನೋಡುತ್ತ, ಅಳತೆ ಹಿಡಿದರು: ಮೆಣಸಿಗೆ ನಾಲ್ಕು ಎಳೆ, ಬದನೆಗೆ ಆರು, ಟೊಮೆಟೊಗೆ ಎಂಟು. ಮೋಡ ಮುಸುಕಿದ ದಿನ ಕೆಳಗಿನ ನೀರನ್ನೇ ತೆಗೆದಿಡುತ್ತಾರೆ. ಗರಸಿನ ಮೇಲೆ ಬಿಳಿ ಉಪ್ಪು ಕಂಡರೆ ಕೆರೆ ನೀರು ಸುರಿದು ತೊಳೆಯುತ್ತಾರೆ. ಉಳಿದ ದಿನ ಇಷ್ಟೂ ಗಿಡಕ್ಕೆ ಮೂರೇ ಕೊಡ.

ಮಾಸ್ತರರು ಬಂದಾಗ ಬಿಸಿಲು ನೆತ್ತಿಗೇರಿದೆ. ಚೀಲ ಹಿಡಿದೇ ಹಿತ್ತಲಿಗೆ ಬರುತ್ತಾರೆ. ಎಲ್ಲ ಗಿಡದ ಎಲೆಗಳೂ ಜೋತಿವೆ. ಅವರ ಮುಖ ಇಳಿಯುತ್ತದೆ. ತಂಬಿಗೆಯಲ್ಲಿ ನೀರೆತ್ತಿಕೊಂಡು ಬಗ್ಗುತ್ತಾರೆ. ಬಾಷಾಬಿ ಗಡಿಗೆಯ ಬಾಯಿಗೆ ಕೈ ಅಡ್ಡ ಇಡುತ್ತಾರೆ.

"ಹಾಕಬ್ಯಾಡ್ರಿ."

"ಏನಬೇ, ಎಲ್ಲಾ ಸಾಯಾಕತ್ತಾವಲ್ಲ."

"ಬಿಸಲಿಗೆ ತಲಿ ಹಾಕ್ಯಾವ್ರಿ, ನೀರಡಿಕಿ ಅಲ್ಲ. ಬೆರಳ ಇಟ್ಟ ನೋಡ್ರಿ. ಸಂಜೀ ಮಟಾ ತಡೀರಿ. ಏಳಲಿಲ್ಲಂದ್ರ ನಾಳಿಂದ ನಾ ಬರಂಗಿಲ್ಲ."

ಮಾಸ್ತರರು ಬೆರಳಿಟ್ಟು ನೋಡುತ್ತಾರೆ. ಒಳಗೆ ತಂಪಿದೆ. ಒಲ್ಲದ ಮನಸ್ಸಿನಿಂದ ತಂಬಿಗೆ ಕೆಳಗಿಟ್ಟು ಊಟಕ್ಕೆ ಹೋಗುತ್ತಾರೆ. ಊಟದ ನಡುವೆ ಎರಡು ಸಲ ಎದ್ದು ಬಂದು ನೋಡುತ್ತಾರೆ. ಬಾಷಾಬಿ ಗೋಡೆಯ ನೆರಳಲ್ಲಿ ಕುಳಿತವರು ಅಲ್ಲಾಡುವುದಿಲ್ಲ.

ನೆರಳು ಹಿತ್ತಲು ದಾಟಿದ ಮೇಲೆ ಮೊದಲು ಮೆಣಸು ಎಲೆ ನಿಮಿರಿಸುತ್ತದೆ, ಆಮೇಲೆ ಬದನೆ. ಟೊಮೆಟೊ ತಡ ಮಾಡುತ್ತದೆ, ದೀಪ ಹಚ್ಚುವ ಹೊತ್ತಿಗೆ ಅದೂ ಏಳುತ್ತದೆ. ಮಾಸ್ತರರು ಎರಡು ಸಲ ಎಣಿಸುತ್ತಾರೆ. ನಲವತ್ತಮೂರು. ಮಳೆಗಾಲಕ್ಕೆ ಇನ್ನೂ ಅರವತ್ತು ಗಡಿಗೆ ಇಡೋಣ ಎನ್ನುತ್ತಾರೆ. ವಹಿ ತೆರೆದು, ಅವರೆ ಬಳ್ಳಿಗೆ ಎಷ್ಟು ಎಳೆ ಬೇಕಾದೀತು ಎಂದು ಕೇಳುತ್ತಾರೆ. ಅವರು ಬಾಷಾಬಿಯನ್ನು ಹೀಗೆ ಕೇಳುತ್ತಿರುವುದು ಇದೇ ಮೊದಲು.

"ಗೊತ್ತಿಲ್ರಿ," ಎನ್ನುತ್ತಾರೆ ಬಾಷಾಬಿ. "ಹಚ್ಚಿ ನೋಡೂಣು."

ನಿಮಗೇನು ಆಸೆ ಎಂದು ನಾನು ಕೇಳುತ್ತೇನೆ. ಬಾಷಾಬಿ ಬೆರಳಿಗೆ ಹತ್ತಿದ ಗರಸು ಒರೆಸಿಕೊಳ್ಳುತ್ತಾರೆ.

"ಹಣ್ಣ ಎಲ್ಲಾರೂ ನೋಡ್ತಾರ್ರಿ. ಬೆಳಿ ಮುಗದ ಮ್ಯಾಲೆ ಒಂದ ಟಮಾಟಿ ಗಿಡಾ ಹಂಗ ಗಡಿಗಿಯಿಂದ ಇಳಿಸಿ, ನಾಕ ಮಂದಿನ್ನ ಕರದು ಬೇರ ತೋರಸ್ಬೇಕ್ರಿ. ಅಗದಿ ಬೆಳ್ಳಗ ಅದಾವು."