ಮೀನು ಹಾರಬೇಕಿದ್ದ ಭಾನುವಾರ

ಪರದೆ ಹೊಲಿಯುವ ಅಂಗಡಿ ಇಟ್ಟಿದ್ದರಿಂದ ಎಲ್ಲರ ಬಾಯಲ್ಲೂ ಆಕೆ ಪರದೆ ಅಕ್ಕ. ವಯಸ್ಸಿನಲ್ಲಿ ಹಿರಿಯರಾದವರೂ ಅಕ್ಕ ಎಂದೇ ಕರೆಯುತ್ತಿದ್ದರು, ಆಕೆಯ ದನಿಯೇ ಹಾಗಿತ್ತು. ಅಂಗಡಿ ಎಂದರೆ ಒಂದು ಕಟ್ಟಡದ ಮೆಟ್ಟಿಲ ಪಕ್ಕದ ಉದ್ದನೆಯ ಕೋಣೆ. ಗೋಡೆಗೊರಗಿದ ಬಟ್ಟೆಯ ಸುರುಳಿಗಳು, ಕಿಟಕಿಯ ಬಳಿ ಹೊಲಿಗೆ ಯಂತ್ರ, ನಡುವೆ ಬಟ್ಟೆ ಹಾಸಿ ಕತ್ತರಿಸುವ ದೊಡ್ಡ ಮೇಜು. ಗಿರಾಕಿಗಳಿಗೆ ಕಾಣದಂತೆ ಆ ಮೇಜಿನ ಕೆಳಗೆ ಗಾಳಿಪಟಗಳಿರುತ್ತಿದ್ದವು.

ಪಟದ ಹುಚ್ಚು ಹತ್ತಿದ್ದು ಬಟ್ಟೆಯ ತುಂಡುಗಳಿಂದ. ಪರದೆಯ ಒಳಪದರಕ್ಕೆ ಬಳಸುವ ತೆಳು ಬಟ್ಟೆ ಮಿಕ್ಕಾಗ ಎಸೆಯಲು ಮನಸ್ಸು ಬಾರದೆ ಒಂದು ಪಟ ಕಟ್ಟಿದಳು. ಊರಾಚೆ ನೀರಿನ ಟ್ಯಾಂಕಿನ ದಿಬ್ಬಕ್ಕೆ ಹೋಗಿ ಹಾರಿಸಿದಳು. ಆವತ್ತು ಅದೇ ದಿಬ್ಬದ ಮೇಲೆ ಕಾಗದದ ಪಟ ಹಿಡಿದು ಒದ್ದಾಡುತ್ತಿದ್ದವನು ಲಿಫ್ಟು ರಿಪೇರಿ ಮಾಡುವವನು. ದಿನವಿಡೀ ಕತ್ತಲ ಕೊಳವೆಗಳಲ್ಲಿ ಇಳಿದು ಹತ್ತುವವನಿಗೆ ವಾರಕ್ಕೊಮ್ಮೆ ಆಕಾಶ ಕಾಣಬೇಕಿತ್ತು. ಮುಂದೆ ಅವನು ಲಿಫ್ಟಣ್ಣನಾದ. ಆಕೆ ದಾರ ಹಿಡಿದರೆ ಅವನು ದೂರ ಹೋಗಿ ಪಟ ಎತ್ತಿ ಹಿಡಿದು, ಗಾಳಿ ನೋಡಿ ಬಿಡುತ್ತಿದ್ದ. ಒಬ್ಬರ ಹಿಂದೊಬ್ಬರು ಸೇರಿಕೊಂಡು ಒಂದು ಗುಂಪೇ ಆಯಿತು. ವರ್ಷಕ್ಕೊಮ್ಮೆ ಎಲ್ಲರೂ ಮನೆಮಂದಿಯನ್ನು ಕರೆದುಕೊಂಡು ದಿಬ್ಬಕ್ಕೆ ಬಂದು ಹೊಸ ಪಟ ಹಾರಿಸುವ ದೊಡ್ಡ ಹಾರಾಟವೂ ಶುರುವಾಯಿತು. ಅದಕ್ಕೆ ದಿನ ಇಡುವವಳು ಅಕ್ಕ. ಮಳೆ ಬಂದರೆ ದಿನ ಬದಲಿಸುವವಳೂ ಅವಳೇ. ಆ ವಿಷಯದಲ್ಲಿ ಯಾರೂ ಎದುರಾಡಿದ್ದಿಲ್ಲ.

ಆಮೇಲೆ ತಂಗಿ ಬಂದಳು.

ತಂಗಿಯ ಗಂಡನಿಗೆ ಅದೇ ಊರಿಗೆ ವರ್ಗವಾಗಿತ್ತು. ಬಂದ ಸ್ವಲ್ಪ ದಿನಕ್ಕೇ ಅವಳು ಹಲ್ಲಿನ ಡಾಕ್ಟರ ಬಳಿ ಚೀಟಿ ಕೊಡುವ ಕೆಲಸಕ್ಕೆ ಸೇರಿಕೊಂಡಳು. ಕೆನ್ನೆ ಊದಿಸಿಕೊಂಡು ಬಂದವರೂ ಅವಳ ಮಾತಿಗೆ ನಗುತ್ತಿದ್ದರಂತೆ. ಚಿಕ್ಕಂದಿನಿಂದಲೂ ಹಾಗೇ. ಅವಳು ಅತ್ತರೆ ಮನೆಯೆಲ್ಲ ಎದ್ದು ಓಡಿಬರುತ್ತಿತ್ತು. ಅಕ್ಕ ಅತ್ತರೆ, "ಇಷ್ಟು ದೊಡ್ಡವಳಾಗಿ ಅಳ್ತೀಯಲ್ಲೇ" ಎನ್ನುತ್ತಿದ್ದರು. ಹೊಸ ಬಟ್ಟೆ ತಂದಾಗ ತಂಗಿ ಮೊದಲು ಆರಿಸಬೇಕು, ಉಳಿದ ಬಣ್ಣ ಅಕ್ಕನಿಗೆ. ಇದನ್ನೆಲ್ಲ ಅಕ್ಕ ಯಾವತ್ತೋ ಮರೆತಿದ್ದಳು, ಅಥವಾ ಮರೆತಿದ್ದೇನೆ ಎಂದುಕೊಂಡಿದ್ದಳು. ಒಂದು ಭಾನುವಾರ ಅವಳೇ ತಂಗಿಯ ಕೈ ಹಿಡಿದು ದಿಬ್ಬಕ್ಕೆ ಕರೆದೊಯ್ದಳು.

ಅದಾದ ಮೇಲೆ ದಿಬ್ಬ ಮೊದಲಿನಂತಿರಲಿಲ್ಲ. ತಂಗಿ ಬಾರದ ಭಾನುವಾರ ಎಲ್ಲರೂ, "ಎಲ್ಲಕ್ಕಾ ನಿಮ್ಮ ತಂಗಿ?" ಎಂದು ಕೇಳುವವರೇ. ಅವಳು ಬಂದ ದಿನ ಅಕ್ಕನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಒಮ್ಮೆ ಹೊಸಬರೊಬ್ಬರು, "ಓ, ನೀವು ಅವರ ಅಕ್ಕನಾ?" ಎಂದು ಕೇಳಿದರು. ಅಕ್ಕ ಮನೆಗೆ ಬಂದವಳೇ ಗಂಡನ ಮುಂದೆ ಚೀಲ ಕುಕ್ಕಿದಳು.

"ಗುಂಪು ಕಟ್ಟಿದ್ದು ನಾನು. ಈಗ ನಾನು ಅವಳ ಬಾಲಂಗೋಚಿ!"

"ಪಟಕ್ಕೆ ಬಾಲಂಗೋಚಿ ಇಲ್ದಿದ್ರೆ ಪಲ್ಟಿ ಹೊಡೆಯುತ್ತೆ ಅಂತ ನೀನೇ ಹೇಳ್ತಿದ್ದೆ" ಎಂದ ಗಂಡ. ಬಸ್ ಡಿಪೋದ ಕಚೇರಿಯಲ್ಲಿ ದಿನವಿಡೀ ಜಗಳ ಬಿಡಿಸುವವನಿಗೆ ಮನೆಯಲ್ಲಿ ಜಗಳ ಬೇಕಿರಲಿಲ್ಲ. ಆದರೆ ಆ ಮಾತಿಗೆ ಅವನು ಎರಡು ದಿನ ಮುನಿಸು ನೋಡಬೇಕಾಯಿತು.

ಆ ವರ್ಷದ ದೊಡ್ಡ ಹಾರಾಟಕ್ಕೆ ತಂಗಿ ಒಂದು ಮೀನು ಕಟ್ಟಿದಳು. ಹಳೆಯ ಕೊಡೆಗಳ ಬಟ್ಟೆ ಬಿಚ್ಚಿ, ಬಣ್ಣಬಣ್ಣದ ಹುರುಪೆ ಜೋಡಿಸಿ, ಮಂಚದಷ್ಟು ಉದ್ದದ ಮೀನು. ಹೊಲಿಗೆ ಓರೆಕೋರೆಯಾಗಿತ್ತು, ಅಕ್ಕನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಆದರೆ ಮೀನಿನ ಮುಖದಲ್ಲಿ ಒಂದು ತುಂಟ ನಗುವಿತ್ತು. ಅದನ್ನು ಅಂಗಡಿಯ ಮೇಜಿನ ಮೇಲೆ ಹರಡಿದಾಗ ಲಿಫ್ಟಣ್ಣ ಬಾಯಿ ಬಿಟ್ಟುಕೊಂಡು ನಿಂತ.

"ಇಂಥದ್ದು ನಮ್ಮ ದಿಬ್ಬದ ಮೇಲೆ ಇದುವರೆಗೂ ಹಾರಿಲ್ಲ" ಎಂದ.

ಇಷ್ಟು ವರ್ಷ ಅವನು ಎತ್ತಿ ಹಿಡಿದು ಹಾರಿಬಿಟ್ಟ ಪಟಗಳೆಲ್ಲ ಅಕ್ಕನವು. ಅವಳು, "ಮೀನಿನ ತಲೆ ಭಾರ ಆಯ್ತೇನೋ" ಎಂದಷ್ಟೇ ಹೇಳಿ ಯಂತ್ರದ ಮುಂದೆ ಹೋಗಿ ಕೂತಳು.

ಹಾರಾಟಕ್ಕೆ ಎರಡು ದಿನ ಇದೆ ಎನ್ನುವಾಗ ಹವಾಮಾನದವರು ಬಿರುಗಾಳಿ, ಗುಡುಗು, ಮಳೆ ಎಂದರು. ಸಂಜೆಯ ಹೊತ್ತಿಗೆ ಮೋಡ ದಿಬ್ಬದ ಮೇಲೆಯೇ ಬಂದು ಕೂತಿತು. ಬಿಡುವಿದ್ದವರು ಅಂಗಡಿಯಲ್ಲಿ ಸೇರಿದರು.

"ಸಿಡಿಲಲ್ಲಿ ದಾರ ಹಿಡ್ಕೊಂಡು ನಿಲ್ಲೋಕೆ ನಮಗೇನು ಹುಚ್ಚಾ? ಮುಂದಕ್ಕೆ ಹಾಕೋಣ" ಎಂದಳು ಅಕ್ಕ. ಅದು ಸರಿಯಾದ ಮಾತೇ. ಎಲ್ಲರೂ ಒಪ್ಪಿದರು.

"ಹಾಗಾದ್ರೆ ಮುಂದಿನ ಭಾನುವಾರ?" ತಂಗಿ ಕೇಳಿದಳು.

"ಮುಂದಿನ ಭಾನುವಾರ ಎಲ್ಲರಿಗೂ ಆಗುತ್ತೆ" ಎಂದ ಲಿಫ್ಟಣ್ಣ.

ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ನೇರ ಮಾಡಿ ಇಟ್ಟಳು. "ಆ ದಿಬ್ಬದ ಮಣ್ಣು ಜೇಡಿ. ಮಳೆ ಬಿದ್ರೆ ವಾರ ಆದ್ರೂ ಒಣಗಲ್ಲ. ಮಕ್ಕಳು ಮರಿ ಬರ್ತಾರೆ, ಯಾರಾದ್ರೂ ಜಾರಿ ಬಿದ್ರೆ? ಅದರ ಮುಂದಿನ ಭಾನುವಾರ ಇಟ್ಕೊಳ್ಳೋಣ."

ಆ ಭಾನುವಾರ ತಂಗಿ ಊರಿನಲ್ಲಿರುವುದಿಲ್ಲ. ಬೇರೆ ಊರಿನಲ್ಲಿ ಅವಳ ಅತ್ತೆಗೆ ಕಣ್ಣಿನ ಆಪರೇಷನ್ ಇತ್ತು. ಅದನ್ನು ಅವಳು ಅಕ್ಕನಿಗೆ ಹೇಳಿದ್ದೂ ಇದೇ ಅಂಗಡಿಯಲ್ಲಿ, ಇದೇ ಮೇಜಿನ ಮೇಲೆ ಕಾಲಾಡಿಸುತ್ತ ಕೂತು.

"ಅಯ್ಯೋ, ಆವತ್ತು ನಾನಿರಲ್ವಲ್ಲಕ್ಕ. ಅತ್ತೆ ಆಪರೇಷನ್ನು."

"ಹೌದಲ್ವಾ! ಮರ್ತೇಬಿಟ್ಟೆ ನೋಡು. ಏನ್ಮಾಡೋದು, ಮಣ್ಣು ನಮ್ಮ ಮಾತು ಕೇಳಲ್ವಲ್ಲ."

ತಂಗಿ ಒಂದು ಗಳಿಗೆ ಅಕ್ಕನ ಮುಖ ನೋಡಿದಳು. ಆಮೇಲೆ ನಕ್ಕುಬಿಟ್ಟಳು. "ಹೋಗ್ಲಿ ಬಿಡು, ನನ್ನೊಬ್ಬಳಿಗೋಸ್ಕರ ಎಲ್ಲರನ್ನೂ ಯಾಕೆ ಕಾಯ್ಸೋದು? ನನ್ನ ಮೀನನ್ನ ಲಿಫ್ಟಣ್ಣ ಹಾರಿಸ್ಲಿ. ಹಾರಿಸ್ತೀಯಾ ಅಣ್ಣ?"

"ಓಹೋ, ಯಾಕಾಗ್ಬಾರ್ದು!" ಎಂದ ಅವನು.

ಇದು ಅಕ್ಕನ ಲೆಕ್ಕಕ್ಕೇ ಸಿಕ್ಕಿರಲಿಲ್ಲ. ಹಾರಿಸಲು ಯಾರೂ ಇಲ್ಲದೆ ಮೀನು ಮನೆಯಲ್ಲೇ ಉಳಿಯುತ್ತದೆ ಎಂದುಕೊಂಡಿದ್ದಳು. ಹಾರಿಸಬೇಕೆಂದರೂ ಒಡಹುಟ್ಟಿದ ಅಕ್ಕ ಎದುರಿಗೇ ನಿಂತಿದ್ದಳಲ್ಲ! ಆ ರಾತ್ರಿ ಊಟಕ್ಕೆ ಕೂತಾಗ ಗಂಡ ತಲೆ ಎತ್ತದೆ ಕೇಳಿದ: "ಆ ಭಾನುವಾರ ನಿನ್ನ ತಂಗಿ ಊರಲ್ಲಿರಲ್ಲ ಅಲ್ವಾ?"

"ಮಣ್ಣು ಒಣಗ್ಬೇಕಲ್ಲ."

"ಒಣಗ್ಬೇಕು, ಒಣಗ್ಬೇಕು" ಎಂದು ಅವನು ನೀರು ಕುಡಿದ.

ಬಿರುಗಾಳಿ ಹೇಳಿದ ದಿನಕ್ಕೇ ಬಂತು. ಸಿಡಿಲಿಗೆ ಟ್ಯಾಂಕಿನ ಮೇಲಿನ ದೀಪದ ಕಂಬ ಕರಕಲಾಯಿತು. ಅಕ್ಕನ ಮುಂದಾಲೋಚನೆಯನ್ನು ಎಲ್ಲರೂ ಹೊಗಳಿದರು. ಆದರೆ ಮರುದಿನದಿಂದ ಎಂಥ ಬಿಸಿಲು! ನಡುವಿನ ಭಾನುವಾರ ದಿಬ್ಬ ಒಣಗಿ ಗರಿಗರಿಯಾಗಿತ್ತು, ಹದವಾದ ಗಾಳಿ ಬೀದಿಯಲ್ಲೆಲ್ಲ ಓಡಾಡುತ್ತಿತ್ತು. ಅಕ್ಕ ಅಂಗಡಿಯ ಕಿಟಕಿಗೆ ಪರದೆ ಎಳೆದುಕೊಂಡು ಹೊಲಿಯುತ್ತ ಕೂತಳು.

ಮುಂದೂಡಿದ ದಿನವೂ ಗಾಳಿ ಚೆನ್ನಾಗಿಯೇ ಇತ್ತು. ಅಕ್ಕನ ಹೊಸ ಪಟ, ಬಿಳಿ ಅಂಚಿನ ನೀಲಿ ಪಟ, ಮೊದಲ ಎಳೆತಕ್ಕೇ ಮೇಲೇರಿತು. "ಚೆನ್ನಾಗಿದೆ ಅಕ್ಕ" ಎಂದರು ಒಂದಿಬ್ಬರು, ಎಂದವರೇ ಮೀನಿನ ಕಡೆ ಓಡಿದರು. ಲಿಫ್ಟಣ್ಣ ಮೀನನ್ನು ಬಿಚ್ಚಿ ಎತ್ತಿದ್ದ. ಮಕ್ಕಳು ಅದರ ಬಾಲದ ಹಿಂದೆ ಕುಣಿಯುತ್ತಿದ್ದರು.

ಮೀನು ಏಳಲಿಲ್ಲ. ಆಳೆತ್ತರಕ್ಕೆ ಹೋಗುವುದು, ತಲೆ ಅಲ್ಲಾಡಿಸುವುದು, ಹಿಂದಕ್ಕೆ ಕುಸಿಯುವುದು. ಎರಡು ಸಲ, ಮೂರು ಸಲ ಹೀಗೇ ಆಯಿತು. ದೂರದಿಂದಲೇ ಅಕ್ಕನಿಗೆ ಕಂಡಿತು: ಸೂತ್ರದ ಗಂಟು ಕೆಳಗಾಗಿದೆ. ಪಟದ ಎದೆಗೆ ಕಟ್ಟುವ ಆ ದಾರದ ಗಂಟನ್ನು ಎರಡು ಬೆರಳಿನಷ್ಟು ತಲೆಯ ಕಡೆ ಸರಿಸಿದರೆ ಮುಗಿಯಿತು, ಹಾರುತ್ತದೆ.

ಲಿಫ್ಟಣ್ಣ ಬೆವರು ಒರೆಸಿಕೊಳ್ಳುತ್ತ ಬಂದ. "ಅಕ್ಕ, ಒಂಚೂರು ನೋಡ್ತೀಯಾ? ಏನೋ ಎಡವಟ್ಟಾಗಿದೆ."

"ಕಟ್ಟಿದವಳು ಅವಳು. ಬೇರೆಯವರ ಪಟಕ್ಕೆ ನಾನು ಕೈ ಹಾಕಲ್ಲ."

"ಬೇರೆಯವರಾ?" ಎಂದ ಲಿಫ್ಟಣ್ಣ. ಮೀನಿನ ಕಡೆ ತಿರುಗಿ ನಡೆದ.

ಇನ್ನೊಮ್ಮೆ ಎತ್ತಿದಾಗ ಗಾಳಿ ಜೋರಾಗಿ ಬೀಸಿತು. ಮೀನು ಒಮ್ಮೆ ಗಿರ್ರನೆ ತಿರುಗಿ ಟ್ಯಾಂಕಿನ ಸುತ್ತಲಿನ ಮುಳ್ಳುತಂತಿಯ ಬೇಲಿಯ ಮೇಲೆ ಬಿತ್ತು. ಪರ್‍ರೆಂದು ಹೊಟ್ಟೆ ಹರಿದ ಸದ್ದು ಅಕ್ಕನಿಗೂ ಕೇಳಿಸಿತು. ಬಟ್ಟೆ ಹರಿಯುವ ಸದ್ದು ಅವಳಿಗೆ ದಿನನಿತ್ಯದ್ದು. ಆದರೂ ಆವತ್ತು ಮುಖ ತಿರುಗಿಸಿಕೊಂಡಳು. ಮಕ್ಕಳು ಬೇಲಿಯ ಕಡೆ ಓಡಿದರು. ಅಷ್ಟರಲ್ಲಿ ಅಕ್ಕನ ಫೋನು ರಿಂಗಾಯಿತು.

"ಅಕ್ಕ, ಆಪರೇಷನ್ ಆಯ್ತು, ಅತ್ತೆ ಚೆನ್ನಾಗಿದ್ದಾರೆ." ತಂಗಿಯ ದನಿ ಸೋತಿತ್ತು, ನಿದ್ದೆಗೆಟ್ಟಿತ್ತು. "ಹಾರ್ತಾ?"

ಅಕ್ಕನ ನಾಲಿಗೆ ತಾನಾಗಿ ಹೊರಳಿತು. "ಹಾರ್ತು."

"ನಿಜವಾಗ್ಲೂ?"

"ಏನು ಚೆನ್ನಾಗಿ ಹಾರ್ತು ಅಂತೀಯಾ! ಟ್ಯಾಂಕಿನ ಮೇಲೆ ಒಂದು ಸುತ್ತು ಹಾಕ್ತು. ಬಿಸಿಲಿಗೆ ಹುರುಪೆ ಎಲ್ಲ ಹೊಳೀತಿತ್ತು. ಮಕ್ಕಳು ಕೂಗಿದ್ದೇ ಕೂಗಿದ್ದು."

ತಂಗಿಯ ಯಾವ ಕೆಲಸವನ್ನೂ ಅಕ್ಕ ಅಷ್ಟು ಬಾಯಿತುಂಬ ಹೊಗಳಿದ್ದಿಲ್ಲ. ಫೋನು ಇಟ್ಟು ತಿರುಗಿದಾಗ ಹರಿದ ಮೀನನ್ನು ತೋಳಿನ ಮೇಲೆ ಹಾಕಿಕೊಂಡು ಲಿಫ್ಟಣ್ಣ ಹಿಂದೆಯೇ ನಿಂತಿದ್ದ.

ಮರುದಿನ ಅಕ್ಕ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಕೂತು, ಲಿಫ್ಟಣ್ಣ ತಂದಿಟ್ಟಿದ್ದ ಮೀನನ್ನು ಹೊಲಿದಳು. ಹರಿದ ಗುರುತು ಕಾಣದಂತೆ ಹುರುಪೆಯ ಮೇಲೆ ಹುರುಪೆ ಕೂರಿಸಿದಳು. ಓರೆಯಾಗಿದ್ದ ತಂಗಿಯ ಹೊಲಿಗೆಯನ್ನು ಬಿಚ್ಚಿ ನೇರ ಮಾಡುವ ಆಸೆಯಾಯಿತು. ಮಾಡಲಿಲ್ಲ. ಸೂತ್ರ ಮಾತ್ರ ಬಿಚ್ಚಿ ಸರಿಯಾಗಿ ಕಟ್ಟಿದಳು. ತಂಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕಿತ್ತು. ಆದರೆ ಕೊನೆಯ ಗಂಟು ಬಿಗಿಯುವಾಗಲೇ ಬಾಗಿಲು ತಟ್ಟಿದ ಸದ್ದಾಯಿತು. ತಂಗಿ ಬಸ್ಸಿನಿಂದ ಇಳಿದು ನೇರ ಅಂಗಡಿಗೇ ಬಂದಿದ್ದಳು, ಕೈಯಲ್ಲಿ ಇನ್ನೂ ಚೀಲವಿತ್ತು. ಲಿಫ್ಟಣ್ಣ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಿ ಎಲ್ಲ ಹೇಳಿದ್ದನಂತೆ.

"ಹಾರ್ತು ಅಂದೆ."

"ಹ್ಞೂಂ."

"ಟ್ಯಾಂಕಿನ ಮೇಲೆ ಸುತ್ತು ಹಾಕ್ತು, ಹುರುಪೆ ಹೊಳೀತಿತ್ತು ಅಂದೆ. ಅದನ್ನ ನಾನು ಅತ್ತೆಗೆ ಹೇಳ್ದೆ ಕಣೇ. ಕಣ್ಣಿಗೆ ಪಟ್ಟಿ ಕಟ್ಟಿತ್ತು ಅವರಿಗೆ. ಇನ್ನೊಂದ್ಸಲ ಹೇಳಮ್ಮ ಅಂತ ಕೇಳಿಸ್ಕೊಂಡ್ರು." ತಂಗಿ ಮೀನಿನ ಹೊಟ್ಟೆಯ ಮೇಲೆ ಕೈ ಆಡಿಸಿದಳು. "ಪಟ ಹರಿದಿದ್ದಕ್ಕೆ ನಂಗೆ ಬೇಜಾರಿಲ್ಲ. ದಿನ ಬೇಕಂತಲೇ ಇಟ್ಟೆ ಅಲ್ವಾ?"

ಅಕ್ಕ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. ಮಣ್ಣಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹೌದು" ಎಂದಳು.

"ಯಾಕೆ?"

"ಎಲ್ಲಾ ಕಡೆ ನೀನೇ. ಮನೇಲೂ ನೀನೇ, ಅಪ್ಪ ಅಮ್ಮನಿಗೂ ನೀನೇ. ಇದೊಂದು ನಂದಾಗಿತ್ತು."

"ಕೈ ಹಿಡ್ಕೊಂಡು ಕರ್ಕೊಂಡು ಹೋದವಳು ನೀನು! ನಾನು ಬರ್ತೀನಿ ಅಂದಿದ್ನಾ?"

"ಕರ್ಕೊಂಡು ಹೋಗಿದ್ದು ನೀನು ಪಟ ಹಾರಿಸ್ಲಿ ಅಂತಲ್ಲ. ನನ್ನ ನೋಡ್ಲಿ ಅಂತ. ನಾನು ಹಾರಿಸೋದನ್ನ ನೀನು ನೋಡ್ಲಿ ಅಂತ."

ಹೇಳಿದ ಮೇಲೆ ಅಕ್ಕನಿಗೇ ನಾಚಿಕೆಯಾಯಿತು. ತಂಗಿ ಕರಗಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಮೇಜಿನ ಮೇಲಿದ್ದ ಮೀನನ್ನು ಸುತ್ತಿ ಕಂಕುಳಿಗೆ ಸೇರಿಸಿಕೊಂಡಳು. "ನೋಡ್ದೆ. ಮೊದಲ ದಿನಾನೇ ನೋಡ್ದೆ. ನೋಡಿದ್ದಕ್ಕೇ ನಂಗೂ ಹಾರಿಸ್ಬೇಕು ಅನ್ನಿಸಿದ್ದು" ಎಂದಳು. ಬಾಗಿಲಲ್ಲಿ ನಿಂತು ಮತ್ತೆ ತಿರುಗಿದಳು. "ಮುಂದಿನ ದಿನ ನಾನು ಇಡ್ತೀನಿ. ಬಂದ್ರೆ ಬಾ, ಬಿಟ್ರೆ ಬಿಡು."

ಅವಳು ದಿನ ಇಟ್ಟಳು. ಅಕ್ಕನಿಗೆ ಸುದ್ದಿ ಬಂದದ್ದು ಎಲ್ಲರಿಗೂ ಬಂದಂತೆಯೇ, ಫೋನಿನಲ್ಲಿ ಒಂದು ಸಾಲು. ಹೋಗುವುದಿಲ್ಲ ಎಂದು ಬೆಳಿಗ್ಗೆಯೆಲ್ಲ ಹಟ ಹಿಡಿದಳು. ಮಧ್ಯಾಹ್ನ ಗಂಡ, "ಹಾರದೇ ಇದ್ರೆ ಅದನ್ನಾದ್ರೂ ನೋಡ್ಕೊಂಡು ಬಾ" ಎಂದ. ಅವನು ನಗುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಬೈದುಕೊಂಡೇ ಹೊರಟಳು.

ದಿಬ್ಬ ಹತ್ತುವಾಗ ಮೀನು ಹಾರದಿದ್ದರೆ ಚೆನ್ನಾಗಿತ್ತು ಎಂದು ಅವಳ ಮನಸ್ಸಿನ ಒಂದು ಮೂಲೆ ಬಯಸಿದ್ದು ಸುಳ್ಳಲ್ಲ. ಗಂಟು ಬಿಗಿದದ್ದು ತನ್ನದೇ ಕೈ ಎಂದು ನೆನಪಾದಾಗ ಹಾರಲಿ ಎಂದೂ ಅನ್ನಿಸಿತು. ಮೇಲೆ ಹೋಗಿ ನೋಡಿದರೆ ಮೀನು ಆಗಲೇ ಎಷ್ಟೋ ಎತ್ತರದಲ್ಲಿತ್ತು, ಬಾಲ ಬಡಿಯುತ್ತ ಈಜುತ್ತಿತ್ತು. ಗುಂಪಿನವರೆಲ್ಲ ಕತ್ತೆತ್ತಿ ನಿಂತಿದ್ದರು. ಲಿಫ್ಟಣ್ಣ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುತ್ತಿದ್ದ. ಅವಳ ಪಟಕ್ಕೆ ಅವನು ಯಾವತ್ತೂ ಸಿಳ್ಳೆ ಹಾಕಿರಲಿಲ್ಲ.

ತಂಗಿ ಅಕ್ಕನನ್ನು ಕಂಡಳು. ನಗಲಿಲ್ಲ. "ಬಾ, ಹಿಡ್ಕೋ. ಕೈ ಉರೀತಿದೆ ನಂಗೆ" ಎಂದು ದಾರದ ಉಂಡೆಯನ್ನು ಕೈಗೆ ತುರುಕಿದಳು.

ಮೀನು ಬಲವಾಗಿ ಎಳೆಯುತ್ತಿತ್ತು. ಅಕ್ಕ ಕಾಲೂರಿ ನಿಲ್ಲಬೇಕಾಯಿತು. ಪಕ್ಕದಲ್ಲಿ ಯಾರೋ, "ನಿಮ್ಮ ತಂಗಿ ಕೈಚಳಕ ನೋಡಿ!" ಎಂದು ಹೇಳಿ ಹೋದರು.

"ನಂಗೆ ಹೊಟ್ಟೆ ಉರೀತಿದೆ ಕಣೇ" ಎಂದಳು ಅಕ್ಕ, ಆಕಾಶ ನೋಡುತ್ತಲೇ.

"ಗೊತ್ತು. ಉರೀಲಿ ಬಿಡು. ನೀರು ಬೇಕಾ?"

"ಬೇಡ."

ಅಷ್ಟಕ್ಕೇ ತಂಗಿಗೆ ನಗು ಬಂತು. ಅಕ್ಕ ತುಟಿ ಬಿಗಿಹಿಡಿದಳು, ಆದರೂ ತಡೆಯಲಾಗಲಿಲ್ಲ.

ಮುಂದಿನ ವರ್ಷಗಳಲ್ಲಿ ಹಾರಾಟದ ದಿನವನ್ನು ಇಬ್ಬರೂ ಸೇರಿ ಇಡತೊಡಗಿದರು. ಪ್ರತಿ ಸಲವೂ ಜಗಳ ಆಗುತ್ತಿತ್ತು, ಅಂಗಡಿಯ ಹೊರಗಿನ ಬೀದಿಗೂ ಕೇಳಿಸುತ್ತಿತ್ತು. ತಂಗಿಯನ್ನು ಜನ ಹೊಗಳಿದಾಗಲೆಲ್ಲ ಅಕ್ಕನ ಮುಖ ಸಪ್ಪಗಾಗುವುದೂ ತಪ್ಪಲಿಲ್ಲ. ಆದರೆ ತಂಗಿಯ ಪಟಗಳಿಗೆ ಸೂತ್ರ ಕಟ್ಟುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಡುತ್ತಿರಲಿಲ್ಲ.