ಓವರ್‌ಟೇಕ್ ಮಾಡದ ಮಾಮನ ವಾರಂಟು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಮಾಮನನ್ನು ಪೊಲೀಸರಿಗಿಂತ ಮೊದಲು ನಾನೇ ಹಿಡಿದು ಹೊಸಪೇಟೆಯ ಕೋರ್ಟಿಗೆ ಕರೆದೊಯ್ದೆ.

ಮಾಮ ಸಂಡೂರಿನ ಅದಿರು ಲಾರಿಯ ಡ್ರೈವರ್. ತಿರುವಿನಲ್ಲಿ ಓವರ್‌ಟೇಕ್ ಮಾಡಿ ಸಿಕ್ಕಿಬಿದ್ದಿದ್ದ. ತಿಂಗಳೊಳಗೆ ಸುರಕ್ಷಿತ ಚಾಲನೆಯ ತರಬೇತಿ ಮುಗಿಸಬೇಕೆಂದು ಕೋರ್ಟು ಹೇಳಿತ್ತು. ಮುಗಿಸಲಿಲ್ಲ, ಅರೆಸ್ಟ್ ವಾರಂಟು ಬಂತು. ಅತ್ತೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ಜ್ವರ ಬಂದಿತ್ತು ಅಂತ ಹೇಳ್ರಿ, ಸಾಕು" ಎಂದು ವಕೀಲರು ಕೋರ್ಟಿನ ಬಾಗಿಲಲ್ಲಿ ಬಾಯಿಪಾಠ ಮಾಡಿಸಿದ್ದರು. ಮಾಮ ತಲೆಯಾಡಿಸಿದ್ದ. ಆದರೆ ನ್ಯಾಯಾಧೀಶರು "ತರಬೇತಿಗೆ ಯಾಕೆ ಹೋಗಲಿಲ್ಲ?" ಎಂದದ್ದೇ ತಡ, ಕೈಮುಗಿದು ಶುರುಮಾಡಿದ:

"ಮೂರು ಸಲ ಲಾರಿ ತಗೊಂಡು ಹೊಂಟಿದ್ದೆ ಸಾಹೇಬ್ರ. ಮುಂದ ಲಾರಿ ಲೈನು ಎರಡು ಮೈಲಿ ನಿಂತಿತ್ತು. ಓವರ್‌ಟೇಕ್ ಮಾಡಬ್ಯಾಡ ಅಂತ ನೀವ ಹೇಳಿದ್ರಿ. ಮಾಡಲಿಲ್ಲ. ನಾ ಹೋಗಿ ಮುಟ್ಟೋದ್ರಾಗ ಕ್ಲಾಸ್ ಮುಗಿದಿರ್ತಿತ್ತು."

ವಕೀಲರು ಹಣೆ ಹಿಡಿದುಕೊಂಡರು. ನ್ಯಾಯಾಧೀಶರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಕೆಮ್ಮಿದರು. ವಾರಂಟು ರದ್ದಾಯಿತು, ಹದಿನೈದು ದಿನದ ಹೊಸ ಗಡುವು ಸಿಕ್ಕಿತು. "ಈ ಸಲ ಹಿಂದಿನ ದಿನವೇ ಹೊರಡಿ" ಎಂಬ ಸಲಹೆ ಬೇರೆ.

ವಾಪಸು ಬರುವಾಗ ಮಾಮ ನನ್ನ ಸ್ಕೂಟರಿನ ಹಿಂದೆ ಕೂತಿದ್ದ. ಮುಂದಿನ ಅದಿರು ಲಾರಿಯನ್ನು ದಾಟಲು ಹೊರಟರೆ ಭುಜ ಹಿಡಿದು ಎಳೆದ. "ಬ್ಯಾಡವ್ವ, ನಿನಗೂ ವಾರಂಟ್ ಬಂದೀತು!"

ಮನೆ ಮುಟ್ಟುವವರೆಗೂ ಅದೇ ಲಾರಿಯ ಹಿಂದೆ ಬಂದೆ. ಕೆಂಪು ಧೂಳಿನಲ್ಲಿ ಅತ್ತೆಗೆ ನಮ್ಮ ಗುರುತೇ ಸಿಗಲಿಲ್ಲ. ಕೋರ್ಟು ಆ ಸುರಕ್ಷಿತ ಚಾಲನೆಯ ಸರ್ಟಿಫಿಕೇಟನ್ನು ನನಗೇ ಕೊಟ್ಟುಬಿಡಲಿ.