ಐದು ರುದ್ರಾಕ್ಷಿ ಬಿಚ್ಚಿದ ಭಾನುವಾರ

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಟಿ.ವಿ. ಎಂದರೆ ನೋಡುವ ವಸ್ತು, ಕೇಳುವ ವಸ್ತುವಲ್ಲ. ಮೊಳಕಾಲ್ಮೂರಿನ ನಮ್ಮ ಮನೆಯ ನಡುಮನೆಯಲ್ಲಿ ಒಂದು ಗೋಡೆಗೆ ಟಿ.ವಿ., ಎದುರಿಗೆ ಗುಂಡಿ ಮಗ್ಗ. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಎಳೆ ಬಿಗಿ ಮಾಡುವ ಹಲಗೆ ಬಡಿಯಲು ಶುರು ಮಾಡಿದರೆ ಧಾರಾವಾಹಿಯ ಅತ್ತೆ ಸೊಸೆಯರು ಬರೀ ಬಾಯಿ ಆಡಿಸುತ್ತಿದ್ದರು. ಯಾರು ಯಾರಿಗೆ ಬೈದರು ಎಂಬುದನ್ನು ನಾವು ಮುಖ ನೋಡಿಯೇ ಊಹಿಸಿಕೊಳ್ಳುತ್ತಿದ್ದೆವು. ಊಹೆ ಬಹುಪಾಲು ಸರಿಯೇ ಇರುತ್ತಿತ್ತು.

ಹಾಗಾಗಿ ನನ್ನ ಹಾಡುಗಳೆಲ್ಲ ಬಸ್ಸಿನಲ್ಲೇ. ಚಳ್ಳಕೆರೆಗೆ ಕಾಲೇಜಿಗೆ ಹೋಗಿ ಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಊರು ಬರುವವರೆಗೂ ಒಬ್ಬರೇ ಗಾಯಕಿ. ಆಕೆ ಕನ್ನಡದಲ್ಲೂ ಹಾಡಿದ್ದರು, ತೆಲುಗಿನಲ್ಲೂ ಹಾಡಿದ್ದರು. ಆಂಧ್ರದ ಗಡಿಯಾಚೆಯಿಂದ ಮದುವೆಯಾಗಿ ಬಂದ ಅವ್ವ, 'ಆಕೆ ನಮ್ಮ ಕಡೇರು' ಎನ್ನುತ್ತಿದ್ದಳು. ನಾನು 'ನಮ್ಮೋರು' ಎಂದು ಜಗಳ ಕಾಯುತ್ತಿದ್ದೆ. ಅಪ್ಪ ಮಾತ್ರ, 'ಸಿನಿಮಾ ಹಾಡು ಕೇಳಿ ಯಾರು ಉದ್ಧಾರ ಆಗ್ಯಾರೆ' ಎಂದು ಇಬ್ಬರನ್ನೂ ಒಂದೇ ಏಟಿಗೆ ಸುಮ್ಮನಾಗಿಸುತ್ತಿದ್ದ.

ಆಕೆ ತೀರಿಕೊಂಡ ಸುದ್ದಿ ಬಂದ ದಿನ ನಾನು ಬಸ್ಸಿನಲ್ಲಿ ಅತ್ತುಬಿಟ್ಟಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು, 'ಯಾರು ಹೋದ್ರವ್ವ, ಹತ್ರದೋರಾ?' ಎಂದು ಕೇಳಿದರು. 'ಹೂಂ' ಎಂದೆ. ಸುಳ್ಳು ಹೇಳಿದೆ ಎಂದು ನನಗೆ ಈಗಲೂ ಅನ್ನಿಸಿಲ್ಲ.

ಕೆಲವು ತಿಂಗಳಾದ ಮೇಲೆ ಆಕೆಯ ನೆನಪಿಗೆ ಟಿ.ವಿ.ಯಲ್ಲಿ ಸಂಗೀತ ಕಾರ್ಯಕ್ರಮ ಎಂದು ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಮೂರರಿಂದ ಆರು. ಕೊನೆಗೆ ಎಲ್ಲ ಗಾಯಕರೂ ಸೇರಿ ಒಂದು ಹಾಡು ಹಾಡುತ್ತಾರೆ ಎಂದು ವಾರವಿಡೀ ತೋರಿಸಿದರು. ಅದು ನನ್ನ ಹಾಡು. ನೂರಾರು ಸಲ ಕೇಳಿದ್ದರೂ ಮನೆಯಲ್ಲಿ, ಎಲ್ಲರ ಜೊತೆ ಕೂತು, ಗಟ್ಟಿಯಾಗಿ ಒಂದು ಸಲವೂ ಕೇಳಿರಲಿಲ್ಲ. ಈ ಸಲ ಕೇಳಲೇಬೇಕು ಎಂದುಕೊಂಡೆ.

ಅದೇ ಭಾನುವಾರಕ್ಕೇ ಒಂದು ಸೀರೆಯ ಗಡುವೂ ಬಂತು. ಚಳ್ಳಕೆರೆಯ ಅತ್ತೆ, ಎಂದರೆ ಅಪ್ಪನ ಅಕ್ಕ, ಮಗಳ ಮದುವೆ ಇಟ್ಟುಕೊಂಡಿದ್ದರು. ಮದುವಣಗಿತ್ತಿಗೆ ಸೋದರಮಾವನ ಸೀರೆ ಆಗಲೇಬೇಕು. ಸೋದರಮಾವ ನೇಕಾರನಾದರೆ ಅಂಗಡಿಯಿಂದ ತಂದು ಕೊಡುವ ಹಾಗಿಲ್ಲ, ತಾನೇ ನೇಯಬೇಕು. ಅತ್ತೆ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುವವರಿದ್ದರು. ಮಗ್ಗದ ಮೇಲೆ ಇನ್ನೂ ಒಂದು ಮೊಳ ಬಾಕಿ. ಅತ್ತೆಯೋ, ಸೀರೆಯನ್ನು ಮುಂದಿನಿಂದ ನೋಡುವವರಲ್ಲ. ಮಗುಚಿ, ಬೆಳಕಿಗೆ ಹಿಡಿದು, ಬೆನ್ನು ನೋಡುವವರು. ಅವರೆದುರು ತಮ್ಮನ ಸೀರೆಯಲ್ಲಿ ಒಂದು ಕುಂದು ಸಿಕ್ಕರೆ ಅದು ಮದುವೆ ಮನೆಯಲ್ಲಿ ಊಟಕ್ಕೆ ಮುಂಚೆ ಬಡಿಸುವ ಉಪ್ಪಿನಕಾಯಿ.

ನಾನು ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಬೇಕಾದರೆ ಮಗ್ಗಕ್ಕೆ ಇಬ್ಬರು ಕೂರಬೇಕು. ಅಪ್ಪ ಬಲಕ್ಕೆ, ನಾನು ಎಡಕ್ಕೆ ಅಂಚಿನ ಲಾಳಿ ಹಿಡಿದು. ಜೊತೆಗೆ ಲೆಕ್ಕ ನನ್ನದು. ಅಂಚಿನಲ್ಲಿ ಒಂದರ ಮೇಲೊಂದು ರುದ್ರಾಕ್ಷಿಯ ಚಿತ್ತಾರ ಮೂಡುತ್ತಾ ಹೋಗುತ್ತದೆ. ಆರು ರುದ್ರಾಕ್ಷಿ ಆದ ಕೂಡಲೇ ನಾನು 'ಹೂ' ಎನ್ನಬೇಕು. ಆಗ ಅಪ್ಪ ಜರಿ ತೆಗೆದುಕೊಂಡು ಒಡಲಿನ ಅಗಲಕ್ಕೂ ಒಂದು ಸಾಲು ಹೂವು ಕೂರಿಸುತ್ತಿದ್ದ. ನಿಜ ಹೇಳಬೇಕೆಂದರೆ ನಾನು ಹೇಳುವ ಮೊದಲೇ ಅವನ ಕೈ ಜರಿಯ ಕಡೆ ಹೋಗಿರುತ್ತಿತ್ತು.

'ಹಾಡು ಎಲ್ಲಿಗೂ ಓಡೋಗಲ್ಲ, ಮೊಬೈಲ್‌ನಾಗೆ ಆಮ್ಯಾಲೆ ನೋಡ್ಕಾ' ಎಂದ ಅಪ್ಪ.

'ಆಮೇಲೆ ನೋಡೋದು ಬೇರೆ, ಎಲ್ಲಾರೂ ನೋಡೋವಾಗ ನೋಡೋದು ಬೇರೆ.'

'ಏನು ಬೇರೆ?'

ನನ್ನ ಕಣ್ಣಲ್ಲಿ ನೀರು ಬಂತು. ಅವ್ವ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ತೀರ್ಪು ಕೊಟ್ಟಳು. 'ಟಿ.ವಿ. ಜೋರಾಗಿ ಹಾಕ್ತೀನಿ. ಮಗ್ಗಾನೂ ನಡೀಲಿ, ಹಾಡೂ ನಡೀಲಿ.' ತಾನು ಮೊರದಲ್ಲಿ ಶೇಂಗಾ ಇಟ್ಟುಕೊಂಡು ಬಾಗಿಲ ಬಳಿ ಕೂತಳು.

ಮೊದಲ ಎರಡು ಹಾಡು ನನಗೆ ಸಿಕ್ಕಿದ್ದು ಚೂರು ಚೂರಾಗಿ. ಅರ್ಧ ಸಾಲು ಗಾಯಕರು ಹಾಡಿದರೆ ಇನ್ನರ್ಧ ಹಲಗೆ ನುಂಗುತ್ತಿತ್ತು. ಆದರೂ ಖುಷಿಯಾಗಿತ್ತು. ವೇದಿಕೆಯ ಮೇಲೆ ಆಕೆಯ ದೊಡ್ಡ ಫೋಟೋ, ಅದಕ್ಕೆ ಮಲ್ಲಿಗೆ ಹಾರ. ನನ್ನಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಮೈಕ್ ಹಿಡಿದಿದ್ದಳು. ಪಲ್ಲವಿಯಲ್ಲಿ ಸ್ವಲ್ಪ ತಡವರಿಸಿದಳು. ಚರಣಕ್ಕೆ ಬರುವಷ್ಟರಲ್ಲಿ ಗೆದ್ದುಬಿಟ್ಟಳು.

ಮೂರನೆಯ ಹಾಡೋ ನಾಲ್ಕನೆಯದೋ, ನಡೆಯುತ್ತಿರುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಮಾತುಗಳು ಪೂರ್ತಿ ಕೇಳಿಸುತ್ತಿದ್ದವು. ಹಲಗೆ ಬಡಿತ ನಿಂತಿರಲಿಲ್ಲ. ಅದು ಹಾಡಿನ ತಾಳದ ಮೇಲೇ ಬೀಳುತ್ತಿತ್ತು. ತಬಲಾದವನು ಎಲ್ಲಿ ಪೆಟ್ಟು ಕೊಡುತ್ತಾನೋ ಅಲ್ಲೇ ನಮ್ಮ ಹಲಗೆಯೂ. ನಡುವೆ ಹಾಡಿಗೆ ಜಾಗವೋ ಜಾಗ. ನನ್ನ ಲಾಳಿಯೂ ಅದಕ್ಕೇ ಹೊಂದಿಕೊಂಡಿತು. ನಾನು ಸಣ್ಣದಾಗಿ ಹಾಡುತ್ತಿದ್ದೆ, ಅವ್ವ ಅದೇ ಹಾಡನ್ನು ತೆಲುಗಿನಲ್ಲಿ ಗುನುಗುತ್ತಿದ್ದಳು. ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಅದಕ್ಕೆ ಮುಂಚೆ ಆದದ್ದು ನೆನಪಿಲ್ಲ.

ಜಾಹೀರಾತು ಬಂದಾಗ ಅಪ್ಪ ಬಟ್ಟೆಯ ಮೇಲೆ ಅಂಗೈ ಆಡಿಸಿದ. ಕೈ ಅಲ್ಲೇ ನಿಂತಿತು.

'ಹೂ ಎಲ್ಲಿ?'

ನಾನು ಅಂಚು ಎಣಿಸಿದೆ. ಕೊನೆಯ ಹೂವಿನ ಸಾಲಿನಿಂದ ಈಚೆಗೆ ಒಂಬತ್ತು ರುದ್ರಾಕ್ಷಿ. ಆರಕ್ಕೆ ಬೀಳಬೇಕಾಗಿದ್ದ ಸಾಲು ಬಿದ್ದೇ ಇರಲಿಲ್ಲ.

'ಯಾಕೆ ಹೇಳ್ಲಿಲ್ಲ?' ಅಪ್ಪನ ದನಿ ಏರಿತು.

ಶೇಂಗಾ ಬಿಡಿಸುತ್ತಿದ್ದ ಅವ್ವ ತಲೆ ಎತ್ತದೆಯೇ ಕೇಳಿದಳು: 'ಇವಳು ಹೇಳ್ಲಿಲ್ಲ, ಸರಿ. ನಿಮ್ ಕೈ ಎಲ್ಲಿಗೆ ಹೋಗಿತ್ರೀ?'

ಅಪ್ಪ ಟಿ.ವಿ. ಆರಿಸು ಎಂದು ಹೇಳುತ್ತಾನೆ ಎಂದುಕೊಂಡೆ. ಹೇಳಿದ್ದರೆ ಮರುಮಾತಿಲ್ಲದೆ ಆರಿಸುತ್ತಿದ್ದೆ, ತಪ್ಪು ನನ್ನದೇ ಆಗಿತ್ತು. ಅವನು ಮಾತ್ರ ಮುಂದಕ್ಕೆ ಬಗ್ಗಿ ಕೊನೆಯ ಎಳೆಯ ತುದಿ ಹುಡುಕತೊಡಗಿದ.

ನೇಯ್ದದ್ದನ್ನು ಬಿಚ್ಚುವುದು ನೇಯುವುದಕ್ಕಿಂತ ನಿಧಾನದ ಕೆಲಸ. ಕಾಲಲ್ಲಿ ತುಳಿದು ಹಾಸಿನ, ಎಂದರೆ ಉದ್ದದ ಎಳೆಗಳ, ಬಾಯಿ ಬಿಡಿಸಬೇಕು, ಒಂದು ಎಳೆಯನ್ನು ರೇಷ್ಮೆ ಹರಿಯದಂತೆ ಮೆಲ್ಲಗೆ ಎಳೆಯಬೇಕು, ಮತ್ತೆ ತುಳಿಯಬೇಕು. ಆ ಕಡೆಯಿಂದ ಅಪ್ಪ ಎಳೆದು ಕೊಟ್ಟ, ಈ ಕಡೆ ನಾನು ಸುತ್ತಿಕೊಂಡೆ. ನಾಲ್ಕೈದು ಎಳೆ ಬಿಚ್ಚಿದ ಮೇಲೆ ನನಗೆ ಹೊಳೆಯಿತು: ಬಿಚ್ಚುವುದಕ್ಕೆ ಹಲಗೆ ಬಡಿಯಬೇಕಾಗಿಲ್ಲ. ಮಗ್ಗ ಸದ್ದೇ ಮಾಡುತ್ತಿರಲಿಲ್ಲ.

ಜಾಹೀರಾತು ಮುಗಿಯಿತು. ಹಾಡು ಶುರುವಾಯಿತು. ನಮ್ಮ ನಡುಮನೆಯಲ್ಲಿ ಮೊದಲ ಸಲ ಒಂದು ಹಾಡು ಬುಡದಿಂದ ತುದಿಯವರೆಗೆ ಕೇಳಿಸಿತು. ಪಿಟೀಲಿನವನು ಬಿಲ್ಲು ಎತ್ತುವಾಗಿನ ಸಣ್ಣ ಸದ್ದು ಕೂಡ. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊನೆಗೆ ಎಲ್ಲರೂ ವೇದಿಕೆಗೆ ಬಂದು ನಿಂತರು. ನನ್ನ ಹಾಡು. ನಡುವೆ ಒಂದು ಕಡೆ ಎಲ್ಲರೂ ಸುಮ್ಮನಾಗಿ ಆಕೆಯ ಹಳೆಯ ಧ್ವನಿಯನ್ನೇ ಹಾಕಿದರು. ನಾನು ಎಳೆ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ, ಬಸ್ಸಿನಲ್ಲಿ ಅತ್ತ ಹಾಗಲ್ಲ, ಹಗುರಾಗಿ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ತಲೆ ಬಗ್ಗಿಸಿ ಎಳೆ ಬಿಚ್ಚುತ್ತಲೇ ಇದ್ದ.

ಹಾಡು ಮುಗಿದ ಮೇಲೆ, 'ಲಾಳಿ ತಗಾ' ಎಂದ. ಅವ್ವ ಮೂರು ಸಲ ಊಟಕ್ಕೆ ಕರೆದ ಮೇಲೆ ಸೀರೆ ಮುಗಿಯಿತು. ನಾನು ಒಂದು ಹೂವನ್ನೂ ತಪ್ಪಿಸಲಿಲ್ಲ.

ಮರುದಿನ ಅತ್ತೆ ಸೀರೆಯನ್ನು ಮಗುಚಿ, ಬಾಗಿಲ ಬೆಳಕಿಗೆ ಹಿಡಿದು, ಹೂವಿನ ಸಾಲುಗಳನ್ನು ಬೆರಳಿಟ್ಟು ಅಳೆದು ನೋಡಿದರು. ಕುಂದು ಸಿಗದೆ ಅವರಿಗೆ ಸ್ವಲ್ಪ ಬೇಜಾರೇ ಆಗಿರಬೇಕು. 'ಚೆನ್ನಾಗೈತೆ ಕಣೋ' ಎಂದರು. ತಮ್ಮನಿಗೆ ಅವರು ಅಷ್ಟು ಸಲೀಸಾಗಿ ಅಂಥ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ, ರಾತ್ರಿಯಿಂದ ನಾಲಿಗೆ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

'ಅಪ್ಪ, ನಾವು ಮೂರು ರುದ್ರಾಕ್ಷಿ ಬಿಚ್ಚಿದ್ರೆ ಸಾಕಾಗಿತ್ತು. ನೀನು ಹಾಡು ಮುಗಿಯೋ ತನಕ ಐದು ಬಿಚ್ಚಿದೆ. ಉಳಿದೆರಡು ಸರಿಯಾಗೇ ಇದ್ವಲ್ಲ?'

ಅಪ್ಪ ಗುಂಡಿಗೆ ಇಳಿದು ಕೂತು ಲಾಳಿಗೆ ನೂಲು ಹಾಕಿಕೊಂಡ.

'ಯಾಕೆ, ನಿಂಗೊಬ್ಬಳಿಗೇ ಏನು ಲೆಕ್ಕ ತಪ್ಪೋದು?' ಎಂದ.

ಆಮೇಲೆ ಹೊಸ ಸೀರೆಗೆ ಹಲಗೆ ಬಡಿಯಲು ಶುರು ಮಾಡಿದ. ಟಿ.ವಿ. ಆರಿಸಿತ್ತು. ಬಡಿತ ಮಾತ್ರ ನಿನ್ನೆಯ ಕೊನೆಯ ಹಾಡಿನ ತಾಳದಲ್ಲೇ ಇತ್ತು.